ಕಡಲ ಬದಿಯಲ್ಲಿ ಕುಟುಂಬಕ್ಕೊಂದು ಮನೆ: ನಿವೇಶನದಿಂದ ನಿರ್ವಹಣೆಯವರೆಗೆ ಸಮಗ್ರ ಮಾರ್ಗದರ್ಶಿ

ಸಮುದ್ರದ ಹತ್ತಿರ ಕೆಲವು ವರ್ಷ ಬಾಳಿದ ಮನೆಯೊಂದರ ಸೂರಿನ ಕೆಳಗೆ ನಿಂತು ತಲೆ ಎತ್ತಿ ನೋಡಿದರೆ, ಅನೇಕ ವೇಳೆ ನಿರೀಕ್ಷೆಗೆ ವಿರುದ್ಧವಾದುದೊಂದು ಕಣ್ಣಿಗೆ ಬೀಳುತ್ತದೆ. ಮಳೆಗೆ ನೇರವಾಗಿ ಒಡ್ಡಿಕೊಂಡ ಗೋಡೆದೀಪದ ಕಬ್ಬಿಣದ ಹಿಡಿ ಸ್ವಲ್ಪ ಮಾಸಿದ್ದರೆ, ಮಳೆ ತಾಗಬಾರದೆಂದು ಸೂರಿನಡಿ ಕೂರಿಸಿದ ಅದೇ ಬಗೆಯ ದೀಪದ ಹಿಡಿ ತುಕ್ಕು ಹಿಡಿದು ಪದರು ಪದರಾಗಿ ಎದ್ದಿರುತ್ತದೆ. ಕಾರಣ ಸರಳವಾಗಿದೆ. ಅಲೆಗಳು ಒಡೆಯುವಾಗ ಗಾಳಿಗೆ ಸೇರುವ ಉಪ್ಪಿನ ಸೂಕ್ಷ್ಮ ಹನಿಗಳು ಮನೆಯ ಎಲ್ಲ ಭಾಗಗಳ ಮೇಲೂ ಕೂರುತ್ತವೆ. ತೆರೆದ ಮೈಯನ್ನು ಮಳೆ ಆಗಾಗ ತೊಳೆದುಕೊಡುತ್ತದೆ, ಮರೆಯಲ್ಲಿರುವುದನ್ನು ಯಾರೂ ತೊಳೆಯುವುದಿಲ್ಲ. ಅಲ್ಲಿ ಶೇಖರವಾದ ಉಪ್ಪು, ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದೊಡನೆ ನೀರನ್ನು ಹೀರಿಕೊಂಡು ತಾನೇ ಕರಗುವುದರಿಂದ, ಮಳೆಯೇ ಇಲ್ಲದ ದಿನದಲ್ಲೂ ಲೋಹದ ಮೈ ಒದ್ದೆಯಾಗಿಯೇ ಇರುತ್ತದೆ.

ಕಡಲ ಬದಿಯ ಮನೆಯ ವಿನ್ಯಾಸವನ್ನು ನೋಟದಿಂದ ಆರಂಭಿಸುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಅದು ಉಪ್ಪಿನಿಂದ ಆರಂಭವಾಗಬೇಕು. ನಕ್ಷೆಯ ಪ್ರತಿಯೊಂದು ಗೆರೆಯ ಮುಂದೆಯೂ ‘ಇದನ್ನು ಯಾರು ತೊಳೆಯುತ್ತಾರೆ, ಅವರ ಕೈ ಇಲ್ಲಿಗೆ ಹೇಗೆ ತಲುಪುತ್ತದೆ, ಕೆಟ್ಟರೆ ಇದನ್ನು ಹೇಗೆ ಬಿಚ್ಚುತ್ತಾರೆ’ ಎಂಬ ಪ್ರಶ್ನೆಯನ್ನು ಇಡುವ ಕುಟುಂಬಕ್ಕೆ, ಆ ಮನೆಯ ಕಿಟಕಿಯಿಂದ ಕಾಣುವ ಕಡಲು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಮುಂದಿನ ಹಂತಗಳನ್ನು ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಹಂತ 1: ನಿವೇಶನವನ್ನು ಓದಿಕೊಳ್ಳಿ

ನಿವೇಶನ ಖರೀದಿಸುವ ಮೊದಲೇ ತಿಳಿಯಬೇಕಾದದ್ದು ದಂಡೆಯ ಚಲನೆ. ಮರಳಿನ ದಂಡೆ ಸ್ಥಿರವಾದ ಗಡಿಯಲ್ಲ. ಬಿರುಸಿನ ಅಲೆಗಳ ಕಾಲದಲ್ಲಿ ಮರಳು ಕಡಲಿನೊಳಕ್ಕೆ ಸರಿಯುತ್ತದೆ, ಶಾಂತ ಕಾಲದಲ್ಲಿ ಮತ್ತೆ ದಡಕ್ಕೆ ಬರುತ್ತದೆ. ಈ ಋತುಮಾನದ ಏರಿಳಿತವನ್ನು ಕಂಡು ಗಾಬರಿಪಡಬೇಕಿಲ್ಲ. ಆದರೆ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಲೇ ಇರುವ ದಂಡೆ, ಅಂದರೆ ನಿಜವಾದ ಕಡಲ್ಕೊರೆತ, ಬೇರೆಯೇ ವಿಷಯ. ಇವೆರಡರ ವ್ಯತ್ಯಾಸ ತಿಳಿಯಲು ಕನಿಷ್ಠ ಇಪ್ಪತ್ತು ವರ್ಷಗಳ ಉಪಗ್ರಹ ಚಿತ್ರಗಳನ್ನು, ಸಾಧ್ಯವಾದಷ್ಟೂ ಒಂದೇ ತಿಂಗಳಿನವನ್ನು ಆರಿಸಿಕೊಂಡು, ಹುಲ್ಲು ಗಿಡಗಳು ಮೊದಲಾಗುವ ಗೆರೆ ಎಲ್ಲಿತ್ತು, ಈಗ ಎಲ್ಲಿದೆ ಎಂದು ಹೋಲಿಸಿ. ನೀರಿನ ಗೆರೆ ಉಬ್ಬರ ಇಳಿತಗಳಿಗೆ ತಕ್ಕಂತೆ ಬದಲಾಗುವುದರಿಂದ ಅದನ್ನು ನಂಬಲಾಗದು, ಸಸ್ಯಗಳ ಗೆರೆ ಹೆಚ್ಚು ವಿಶ್ವಾಸಾರ್ಹ. ದೊಡ್ಡ ಬಿರುಗಾಳಿಯ ದಿನ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಅಕ್ಕಪಕ್ಕದಲ್ಲಿ ಬಹುಕಾಲ ಬಾಳಿದವರಿಂದ ಕೇಳಿ, ಅವರು ತೋರಿಸಿದ ಜಾಗವನ್ನು ಸರ್ವೆಯ ಮಟ್ಟಕ್ಕೆ ಜೋಡಿಸಿ ಗುರುತು ಹಾಕಿಕೊಳ್ಳಿ.

ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿಯ ಆರನೆಯ ವರದಿಯ ಪ್ರಕಾರ 1901ರಿಂದ 2018ರ ನಡುವೆ ಜಾಗತಿಕ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ, ಮತ್ತು 2006ರಿಂದ 2018ರ ಅವಧಿಯಲ್ಲಿ ಏರಿಕೆಯ ವೇಗ ವರ್ಷಕ್ಕೆ ಸುಮಾರು 3.7 ಮಿಲಿಮೀಟರ್ ಆಗಿತ್ತು. ಮನೆ ಐವತ್ತು, ಅರವತ್ತು ವರ್ಷ ನಿಲ್ಲಬೇಕಾದರೆ ನೆಲಮಟ್ಟವನ್ನು ಇಂದಿನ ಉಬ್ಬರದ ಮೇಲೆ ಲೆಕ್ಕ ಹಾಕಿದರೆ ಸಾಲದು. ಬಿರುಗಾಳಿಯ ನೀರೇರಿಕೆ, ಅದರ ಮೇಲಿನ ಅಲೆಯ ಎತ್ತರ, ಮನೆಯ ಆಯುಷ್ಯದಲ್ಲಿ ಕಡಲು ಏರಬಹುದಾದ ಪ್ರಮಾಣ, ಈ ಮೂರನ್ನೂ ಕೂಡಿಸಿ ಎಂಜಿನಿಯರ್ ಕೊಡುವ ಮಟ್ಟವನ್ನೇ ಒಪ್ಪಿಕೊಳ್ಳಬೇಕು. ತೀರದಿಂದ ಬಿಡಬೇಕಾದ ಅಂತರದ ಬಗ್ಗೆ ಆಯಾ ಸ್ಥಳದ ಕಾನೂನು ಏನು ಹೇಳುತ್ತದೆಂಬುದನ್ನು ಲಿಖಿತವಾಗಿ ಪಡೆಯಿರಿ. ಕಾನೂನು ಕೇಳುವ ಅಂತರ ಕನಿಷ್ಠ ಮಿತಿ, ಅದಕ್ಕಿಂತ ಹಿಂದೆ ಸರಿಯಲು ಜಾಗವಿದ್ದರೆ ಸರಿಯಿರಿ. ಮನೆ ಮತ್ತು ದಂಡೆಯ ನಡುವಿನ ಮರಳುದಿಬ್ಬವನ್ನು ನೋಟಕ್ಕಾಗಿ ತಗ್ಗಿಸುವ ಸಲಹೆ ಯಾರೇ ಕೊಟ್ಟರೂ ಒಪ್ಪಬೇಡಿ. ಬೇರು ಬಿಟ್ಟ ಬಳ್ಳಿ ಹುಲ್ಲುಗಳು ಹಿಡಿದಿಟ್ಟ ಆ ದಿಬ್ಬವೇ ಅಲೆಗೂ ಮನೆಗೂ ನಡುವಿನ ಮೊದಲ ತಡೆ, ಅದನ್ನು ದಾಟಲು ಕಂಬಗಳ ಮೇಲೆ ನಿಂತ ಕಿರಿದಾದ ಮರದ ಕಾಲುದಾರಿ ಸಾಕು.

ಇಲ್ಲಿ ಒಂದು ಪ್ರಯೋಗವನ್ನು ತಪ್ಪದೆ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಎರಡು ಮರದ ಹಲಗೆಗಳನ್ನು ತೆಗೆದುಕೊಂಡು ಪ್ರತಿಯೊಂದಕ್ಕೂ ಒಂದು ಸಾದಾ ಕಬ್ಬಿಣದ ಮೊಳೆ, ಒಂದು ಸತುವಿನ ಲೇಪವಿರುವ ಬೋಲ್ಟ್, ಒಂದು 304 ದರ್ಜೆಯ ಮತ್ತು ಉಪ್ಪನ್ನು ಅದಕ್ಕಿಂತ ಚೆನ್ನಾಗಿ ತಾಳುವ ಒಂದು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಬಣ್ಣ ಹಾಕಿದ ಅಲ್ಯೂಮಿನಿಯಂ ತುಂಡೊಂದನ್ನು ಜೋಡಿಸಿ. ಒಂದು ಹಲಗೆಯನ್ನು ನಿವೇಶನದಲ್ಲಿ ಮನೆಯ ಮುಂಭಾಗ ಬರುವ ಜಾಗದಲ್ಲಿ ಮಳೆಗೆ ತೆರೆದಿಡಿ, ಇನ್ನೊಂದನ್ನು ಅಲ್ಲೇ ಸಣ್ಣ ಮಾಡು ಕಟ್ಟಿ ಅದರ ಕೆಳಗಿಡಿ. ನಕ್ಷೆ ಸಿದ್ಧವಾಗಲು ಹೇಗೂ ಆರೆಂಟು ತಿಂಗಳು ಬೇಕು. ಅಷ್ಟರಲ್ಲಿ ಮಾಡಿನ ಕೆಳಗಿನ ಹಲಗೆಯಲ್ಲಿ ಮೊಳೆಯ ತಲೆ ಉಬ್ಬಿ ಸಿಪ್ಪೆ ಏಳುವುದನ್ನು, 304ರ ಸ್ಕ್ರೂವಿನ ಸೀಳಿನಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆ ಮೂಡುವುದನ್ನು ನೀವೇ ಕಂಡರೆ, ಮುಂದೆ ಗುತ್ತಿಗೆದಾರರು ಅಗ್ಗದ ಬೋಲ್ಟ್ ತಂದಾಗ ವಾದ ಮಾಡಬೇಕಾದ ಅಗತ್ಯವೇ ಬರುವುದಿಲ್ಲ. ಆ ಹಲಗೆಯನ್ನು ಅವರ ಕೈಗೆ ಕೊಟ್ಟರೆ ಸಾಕು.

ಮಣ್ಣು ಪರೀಕ್ಷೆ, ಅಂತರ್ಜಲದ ಮಟ್ಟ ಮತ್ತು ಅದರ ಉಪ್ಪಿನಂಶದ ಪರೀಕ್ಷೆ ಇದೇ ಹಂತದಲ್ಲಿ ಮುಗಿಯಬೇಕು.

ಹಂತ 2: ವಾಸ್ತುಶಿಲ್ಪಿಯನ್ನು ಆರಿಸಿ, ಕುಟುಂಬದ ದಿನವನ್ನು ಬರೆದುಕೊಡಿ

ವಾಸ್ತುಶಿಲ್ಪಿಗಳು ತೋರಿಸುವ ಚಿತ್ರಗಳು ಸಾಮಾನ್ಯವಾಗಿ ಮನೆ ಮುಗಿದ ವಾರದಲ್ಲಿ ತೆಗೆದವು. ನಿಮಗೆ ಬೇಕಾದದ್ದು ಅವರು ತೀರದ ಹತ್ತಿರ ವಿನ್ಯಾಸ ಮಾಡಿದ, ಕನಿಷ್ಠ ಏಳೆಂಟು ವರ್ಷ ಕಳೆದ ಮನೆಯ ಭೇಟಿ. ಅಲ್ಲಿ ಹಜಾರದ ಸೊಬಗನ್ನು ನೋಡುವುದಕ್ಕೆ ಮೊದಲು ಬಾಲ್ಕನಿಯ ಅಡಿಭಾಗ, ಕೈಪಿಡಿಕಂಬಿ ನೆಲಕ್ಕೆ ಸೇರುವ ಬುಡ, ಜಾರುಬಾಗಿಲಿನ ಹಳಿ, ಹೊರಗಿನ ಸ್ವಿಚ್ಚುಗಳ ಸ್ಕ್ರೂ, ಇವನ್ನು ನೋಡಿ. ಮನೆಯವರಿಗೆ ಒಂದೇ ಪ್ರಶ್ನೆ ಕೇಳಿ: ಯಾವುದನ್ನು ಈಗಾಗಲೇ ಬದಲಿಸಿದ್ದೀರಿ? ತಮ್ಮ ಹಳೆಯ ಕೆಲಸದಲ್ಲಿ ಏನು ಸೋತಿತು, ಮುಂದಿನ ಮನೆಯಲ್ಲಿ ಅದನ್ನು ಹೇಗೆ ತಿದ್ದಿಕೊಂಡೆ ಎಂದು ಬಿಚ್ಚುಮನಸ್ಸಿನಿಂದ ಹೇಳುವ ವಾಸ್ತುಶಿಲ್ಪಿ ಸಿಕ್ಕರೆ ಅವರನ್ನು ಬಿಡಬೇಡಿ.

ಒಪ್ಪಂದದಲ್ಲಿ ಪ್ರಾಥಮಿಕ ಕಲ್ಪನೆ, ಬೆಳೆಸಿದ ನಕ್ಷೆ, ಅನುಮತಿಯ ನಕ್ಷೆ, ಕಾಮಗಾರಿಯ ವಿವರ ನಕ್ಷೆ, ಸ್ಥಳದ ಮೇಲ್ವಿಚಾರಣೆ ಎಂಬ ಹಂತಗಳು ಬೇರೆಬೇರೆಯಾಗಿ ನಮೂದಾಗಿರಲಿ. ವೆಚ್ಚ ತಗ್ಗಿಸಲು ಕೊನೆಯ ಎರಡನ್ನು ಕೈಬಿಡುವವರಿದ್ದಾರೆ. ಒಳನಾಡಿನಲ್ಲಿ ಅದನ್ನು ಹೇಗೋ ನಿಭಾಯಿಸಬಹುದು, ಕಡಲ ಬದಿಯಲ್ಲಿ ಮನೆಯ ಆಯುಷ್ಯ ನಿರ್ಧಾರವಾಗುವುದೇ ವಿವರ ನಕ್ಷೆಯಲ್ಲಿ ಮತ್ತು ಕಾಂಕ್ರೀಟ್ ಸುರಿಯುವ ದಿನ ಸ್ಥಳದಲ್ಲಿ ನಿಂತವರ ಕಣ್ಣಿನಲ್ಲಿ.

ಬೇಡಿಕೆಯನ್ನು ಹೇಳುವಾಗ ‘ನಾಲ್ಕು ಕೋಣೆ, ಎರಡು ಮಹಡಿ, ಸಮುದ್ರದ ನೋಟ’ ಎಂಬ ಪಟ್ಟಿಗಿಂತ ಕುಟುಂಬದ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಬರೆದುಕೊಡುವುದು ಹೆಚ್ಚು ಉಪಯುಕ್ತ. ಮೊದಲು ಏಳುವವರು ಯಾರು, ಅವರು ಎಲ್ಲಿ ಕೂರುತ್ತಾರೆ, ಮಕ್ಕಳು ನೀರಿನಿಂದ ಎಷ್ಟು ಹೊತ್ತಿಗೆ ಮರಳುತ್ತಾರೆ, ಒದ್ದೆ ಬಟ್ಟೆ ಎಲ್ಲಿ ಬೀಳುತ್ತದೆ, ಹಿರಿಯರು ಎಷ್ಟು ಮೆಟ್ಟಿಲು ಹತ್ತಬಲ್ಲರು, ರಜೆಯಲ್ಲಿ ನೆಂಟರು ಬಂದಾಗ ಎಷ್ಟು ಹಾಸಿಗೆ ಬೇಕು, ಮನೆ ವರ್ಷದಲ್ಲಿ ಎಷ್ಟು ತಿಂಗಳು ಬೀಗ ಹಾಕಿಕೊಂಡಿರುತ್ತದೆ. ಈ ಕೊನೆಯ ಮಾತು ಮುಖ್ಯ. ಮುಚ್ಚಿದ ಮನೆಯಲ್ಲಿ ತೇವ ಸಿಕ್ಕಿಕೊಂಡು ಬೂಷ್ಟು ಹಿಡಿಯುವುದರಿಂದ, ಬೀಗ ಹಾಕಿದಾಗಲೂ ಗಾಳಿ ಹಾಯುವ ಜಾಲರಿಗಳನ್ನು ವಿನ್ಯಾಸದಲ್ಲೇ ಸೇರಿಸಬೇಕಾಗುತ್ತದೆ.

ಹಂತ 3: ನಕ್ಷೆಯಲ್ಲಿ ಗಾಳಿ, ಬೆಳಕು ಮತ್ತು ಮರಳು

ಹಗಲಿನಲ್ಲಿ ನೆಲ ನೀರಿಗಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗ ತುಂಬಲು ಕಡಲಿನ ತಂಪುಗಾಳಿ ಒಳಕ್ಕೆ ಬರುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ದಿಕ್ಕು ತಿರುಗಿ ಮಂದವಾದ ನೆಲಗಾಳಿ ಕಡಲಿನತ್ತ ಬೀಸುತ್ತದೆ. ಹೀಗಾಗಿ ಕಡಲಿನ ಕಡೆಗೆ ಮಾತ್ರ ದೊಡ್ಡದಾಗಿ ತೆರೆದು ಹಿಂಬದಿಯನ್ನು ಮುಚ್ಚಿದ ಮನೆ ಹಗಲಿಗೂ ಸಲ್ಲದು, ರಾತ್ರಿಗೂ ಸಲ್ಲದು. ಹೊರಬೀಳುವ ದಾರಿ ಇಲ್ಲದ ಗಾಳಿ ಒಳಗೆ ಬರುವುದೇ ಇಲ್ಲ. ಮನೆಯನ್ನು ಒಂದೇ ಕೋಣೆಯಷ್ಟು ಅಗಲದ ಉದ್ದನೆಯ ಭಾಗಗಳಾಗಿ ಒಡೆದು, ಪ್ರತಿ ಮುಖ್ಯ ಕೋಣೆಗೂ ಎದುರುಬದುರು ತೆರವುಗಳನ್ನು ಕೊಟ್ಟರೆ ಯಂತ್ರದ ತಂಪಿನ ಅವಶ್ಯಕತೆ ಬಹಳಷ್ಟು ತಗ್ಗುತ್ತದೆ. ಶೀತ ಪ್ರದೇಶದ ತೀರದಲ್ಲಿ ಇದೇ ತರ್ಕ ತಲೆಕೆಳಗಾಗುತ್ತದೆ. ಅಲ್ಲಿ ಗಾಳಿಯನ್ನು ಬರಮಾಡಿಕೊಳ್ಳುವುದಕ್ಕಿಂತ ತಿರುಗಿಸಿ ಕಳಿಸುವುದೇ ಮುಖ್ಯ.

ಗಾಳಿಯನ್ನು ಓದಿ ಕಟ್ಟಿದ ಮನೆಗಳಲ್ಲಿ ಕ್ಯಾಲಿಫೋರ್ನಿಯಾದ ಉತ್ತರ ತೀರದ ಸೀ ರಾಂಚ್ ಇಂದಿಗೂ ಅಧ್ಯಯನಕ್ಕೆ ಅತ್ಯಂತ ಯೋಗ್ಯವಾದದ್ದು. 1960ರ ದಶಕದಲ್ಲಿ ಭೂದೃಶ್ಯ ವಿನ್ಯಾಸಕ ಲಾರೆನ್ಸ್ ಹಾಲ್ಪ್ರಿನ್ ಅಲ್ಲಿನ ಗಾಳಿಯನ್ನೂ ಹಳೆಯ ಸೈಪ್ರಸ್ ಮರಗಳ ಸಾಲುಗಳನ್ನೂ ಗಮನಿಸಿ ಒಟ್ಟು ಯೋಜನೆ ರೂಪಿಸಿದರು. ಮೂರ್, ಲಿಂಡನ್, ಟರ್ನ್‌ಬುಲ್ ಮತ್ತು ವಿಟೇಕರ್ ಎಂಬ ನಾಲ್ವರು ವಾಸ್ತುಶಿಲ್ಪಿಗಳು 1965ರಲ್ಲಿ ಪೂರ್ಣಗೊಳಿಸಿದ ಅಲ್ಲಿನ ಮೊದಲ ಸಾಮೂಹಿಕ ಕಟ್ಟಡದಲ್ಲಿ ಮಾಡು ಒಂದೇ ಕಡೆಗೆ ಇಳಿಜಾರಾಗಿದ್ದು, ಗಾಳಿಯ ಹಿಡಿತಕ್ಕೆ ಸಿಗುವ ಸೂರೇ ಇಲ್ಲ. ಮನೆಗಳು ಒಟ್ಟುಗೂಡಿ ನಡುವೆ ಗಾಳಿಮರೆಯ ಅಂಗಳವನ್ನು ಮಾಡಿಕೊಂಡಿವೆ, ಹೊರಮೈಯ ಮರಕ್ಕೆ ಬಣ್ಣ ಬಳಿಯದೆ ಬಿಸಿಲು ಗಾಳಿಗಳಿಗೆ ಬಿಟ್ಟಿದ್ದಾರೆ. ಮಳೆ ಬಿಸಿಲುಗಳು ಹೆಚ್ಚಿರುವ ಉಷ್ಣ ಪ್ರದೇಶಕ್ಕೆ ಸೂರಿಲ್ಲದ ಮನೆ ಹೊಂದುವುದಿಲ್ಲವಾದ್ದರಿಂದ ಆ ರೂಪವನ್ನು ನಕಲು ಮಾಡುವುದು ತಪ್ಪಾದೀತು, ಗಾಳಿಯನ್ನು ಮೊದಲು ಅಳೆದು ನಂತರ ಗೆರೆ ಎಳೆದ ಆ ಕ್ರಮ ಮಾತ್ರ ಎಲ್ಲ ತೀರಗಳಿಗೂ ಸಲ್ಲುತ್ತದೆ.

ಗಾಳಿಮರೆಯ ಅಂಗಳವನ್ನು ನಾನು ಅನಿವಾರ್ಯವೆಂದೇ ಭಾವಿಸುತ್ತೇನೆ. ಕಡಲಿನ ಮುಂದೆ ಹಾಸಿದ ವಿಶಾಲ ಜಗಲಿ ಚಿತ್ರದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ, ಆದರೆ ಮಧ್ಯಾಹ್ನದ ಬಿರುಸು ಗಾಳಿಯಲ್ಲಿ ಅಲ್ಲಿ ಕಾಗದ ನಿಲ್ಲುವುದಿಲ್ಲ, ಊಟದ ತಟ್ಟೆಗೆ ಮರಳು ಬೀಳುತ್ತದೆ. ಮನೆಯ ಮೈಯಿಂದಲೇ ಮರೆಯಾದ ಅಂಗಳವೊಂದು ಹಿಂಬದಿಯಲ್ಲೋ ನಡುವಿನಲ್ಲೋ ಇದ್ದು, ಅಲ್ಲಿಂದ ಹಜಾರದ ಮೂಲಕ ಕಡಲು ಕಾಣುವಂತಿದ್ದರೆ ಕುಟುಂಬ ಹೆಚ್ಚು ಹೊತ್ತು ಕಳೆಯುವುದು ಅಲ್ಲೇ. ಗಿಡಗಳು ಬೇರೂರುವುದೂ ಅಲ್ಲೇ.

ಬೆಳಕಿನ ವಿಷಯದಲ್ಲಿ ಎಚ್ಚರ ಬೇಕಾದದ್ದು ಕೆಳಮಟ್ಟದ ಸೂರ್ಯನ ಬಗ್ಗೆ. ಪಶ್ಚಿಮಕ್ಕೆ ಕಡಲಿದ್ದರೆ ಸಂಜೆ, ಪೂರ್ವಕ್ಕಿದ್ದರೆ ಬೆಳಿಗ್ಗೆ ಬಿಸಿಲು ನೇರವಾಗಿಯೂ ನೀರಿನಿಂದ ಪ್ರತಿಫಲಿಸಿಯೂ ಕಣ್ಣಿಗೆ ಹೊಡೆಯುತ್ತದೆ. ಎಷ್ಟೇ ಆಳದ ಸಜ್ಜಾ ಕಟ್ಟಿದರೂ ಅಡ್ಡಬಿಸಿಲನ್ನು ಅದು ತಡೆಯಲಾರದು. ಸರಿಯುವ ಅಥವಾ ಮಡಚುವ ಪಟ್ಟಿಬಾಗಿಲುಗಳ ಹೊರಪದರವೊಂದೇ ಅದಕ್ಕೆ ತಕ್ಕ ಉತ್ತರ. ಫ್ರಾನ್ಸಿನ ದಕ್ಷಿಣ ತೀರದಲ್ಲಿ ಐಲೀನ್ ಗ್ರೇ 1926ರಿಂದ 1929ರ ನಡುವೆ ಕಟ್ಟಿದ ಇ-1027 ಎಂಬ ಮನೆಯಲ್ಲಿ ಸರಿಯುತ್ತಲೂ ತಿರುಗುತ್ತಲೂ ಬೆಳಕನ್ನು ಹದಗೊಳಿಸುವ ಕಿಟಕಿಬಾಗಿಲುಗಳಿವೆ. ಸುಮಾರು ನೂರು ವರ್ಷಗಳ ಹಿಂದೆಯೇ ಯೋಚಿಸಿದ ಆ ಪರಿಹಾರವನ್ನು ಬಿಟ್ಟು ಇಂದು ಇಡೀ ಮುಂಭಾಗಕ್ಕೆ ಕಪ್ಪುಗಾಜು ಹಾಕಿ ಒಳಗೆ ಪರದೆ ಎಳೆದುಕೊಳ್ಳುವುದು ನೋಟಕ್ಕೆಂದೇ ಖರ್ಚು ಮಾಡಿದ ಹಣವನ್ನು ಕೈಯಾರೆ ಕಳೆದುಕೊಂಡಂತೆ.

ಇನ್ನು ಮರಳು. ಬಾಗಿಲಿನ ಮುಂದೆ ಒಂದು ಕಾಲೊರಸು ಹಾಕಿ ಮರಳನ್ನು ನಿಲ್ಲಿಸಬಹುದೆಂದು ಭಾವಿಸಿದ ಮನೆಗಳಲ್ಲಿ ಮರಳು ಹಾಸಿಗೆಯವರೆಗೆ ತಲುಪುತ್ತದೆ. ಕಡಲಿನಿಂದ ಬರುವವರಿಗಾಗಿ ಪ್ರತ್ಯೇಕ ಪ್ರವೇಶವನ್ನೇ ರೂಪಿಸಿ, ಅದನ್ನು ನಾಲ್ಕು ಹೆಜ್ಜೆಗಳ ಸಾಲಾಗಿ ಯೋಚಿಸಿ. ಮೊದಲು ಸಂದು ಬಿಟ್ಟು ಜೋಡಿಸಿದ ಮರದ ಹಲಗೆಗಳ ನೆಲ, ಅಲ್ಲಿ ಕಾಲು ಬಡಿದರೆ ಒಣಮರಳು ಕೆಳಗುದುರುತ್ತದೆ. ಬಳಿಕ ಮೊಣಕಾಲೆತ್ತರದಲ್ಲಿ ಒಂದು, ತಲೆಯೆತ್ತರದಲ್ಲಿ ಒಂದು ನಲ್ಲಿಯಿರುವ ಹೊರಸ್ನಾನದ ಜಾಗ, ಅದರ ಚರಂಡಿಗೆ ಕೈಯಿಂದ ಬಗೆದು ತೆಗೆಯಬಹುದಾದ ಮರಳುಗುಂಡಿ. ಆಮೇಲೆ ಹಿರಿಯರೂ ಕುಳಿತು ಕಾಲು ಒರಸಿಕೊಳ್ಳಬಹುದಾದ ಕಟ್ಟೆ, ಪಕ್ಕದಲ್ಲಿ ಒದ್ದೆ ಬಟ್ಟೆ ಹರವುವ ತಂತಿ. ಕೊನೆಗೆ, ಹಜಾರವನ್ನು ದಾಟದೆ ನೇರವಾಗಿ ಸ್ನಾನದ ಮನೆಗೆ ತೆರೆಯುವ ಬಾಗಿಲು. ಈ ಸಾಲಿನಲ್ಲಿ ಯಾವುದೊಂದು ತಪ್ಪಿದರೂ ಉಳಿದವು ಅರ್ಧ ಕೆಲಸ ಮಾಡುತ್ತವೆ. ಈ ಪ್ರವೇಶದ ನೆಲ ಒದ್ದೆಯಾದಾಗಲೂ ಜಾರದಂಥದ್ದಾಗಿರಬೇಕು. ಒಳಗಡೆ ನುಣುಪಾಗಿ ಪಾಲಿಶ್ ಮಾಡಿದ ಮರದ ನೆಲವನ್ನು ಬೇಡವೆನ್ನುತ್ತೇನೆ, ಮರಳು ಅದನ್ನು ಉಪ್ಪುಕಾಗದದಂತೆ ಉಜ್ಜುತ್ತದೆ.

ಪುಟ್ಟ ಮಕ್ಕಳಿರುವ ಮನೆಯಲ್ಲಿ ನೀರಿನತ್ತ ಹೋಗುವ ದಾರಿ ಒಂದೇ ಇರಲಿ, ಅದು ಅಡುಗೆಮನೆಯಿಂದಲೋ ಹಜಾರದಿಂದಲೋ ಸದಾ ಕಾಣುವಂತಿರಲಿ, ಅದರ ಗೇಟು ತಾನಾಗಿ ಮುಚ್ಚಿಕೊಳ್ಳುವಂಥದ್ದಾಗಿದ್ದು ಚಿಲಕ ಮಕ್ಕಳ ಕೈಗೆ ನಿಲುಕದ ಎತ್ತರದಲ್ಲಿರಲಿ. ಹಿರಿಯರ ಕೋಣೆ ನೆಲಮಹಡಿಯಲ್ಲಿ, ಕಡಲಿಗೆ ಬೆನ್ನು ಮಾಡಿದ ಕಡೆ ಇದ್ದರೆ ಒಳ್ಳೆಯದು. ಅಲೆಯ ಸದ್ದು ಮೊದಲ ವಾರ ಹಿತವೆನಿಸಿದರೂ, ನಿದ್ದೆ ತೆಳುವಾಗಿರುವವರಿಗೆ ಬಿರುಸು ಕಡಲಿನ ತಿಂಗಳುಗಳು ಕಷ್ಟಕರ.

ಹಂತ 4: ಅಡಿಪಾಯ ಮತ್ತು ಕಾಂಕ್ರೀಟ್

ಒಳ್ಳೆಯ ಕಾಂಕ್ರೀಟಿನ ಒಳಗೆ ಕ್ಷಾರಗುಣ ಎಷ್ಟು ಹೆಚ್ಚಿರುತ್ತದೆಂದರೆ (ಪಿಎಚ್ ಸುಮಾರು 12.5ರಿಂದ 13) ಕಬ್ಬಿಣದ ಸರಳಿನ ಮೇಲೆ ತೆಳುವಾದ ರಕ್ಷಣಾಪದರ ತಾನಾಗಿ ಮೂಡಿ ತುಕ್ಕನ್ನು ತಡೆಯುತ್ತದೆ. ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ನಿಧಾನವಾಗಿ ಒಳಗಿಳಿದು ಆ ಪದರವನ್ನು ಅಲ್ಲಲ್ಲಿ ಮುರಿಯುತ್ತದೆ. ಒಮ್ಮೆ ಆರಂಭವಾದ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗವನ್ನು ಕೇಳುವುದರಿಂದ, ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಬಾಲ್ಕನಿಯ ಅಂಚಿನಲ್ಲಿ ಸರಳಿನ ಉದ್ದಕ್ಕೂ ಕಾಣುವ ಕಂದು ಬಿರುಕು ಈ ಕಥೆಯ ಕೊನೆಯ ಪುಟ, ಅದರ ಮೇಲೆ ಗಿಲಾವು ಸವರಿದರೆ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ತಡೆಯುವ ಉಪಾಯಗಳಲ್ಲಿ ಅತಿ ಅಗ್ಗವೂ ಅತಿ ಪರಿಣಾಮಕಾರಿಯೂ ಆದದ್ದು ಸರಳಿನ ಮೇಲಿನ ಕಾಂಕ್ರೀಟಿನ ದಪ್ಪ, ಅಂದರೆ ಕವರ್. ಕ್ಲೋರೈಡ್ ಒಳಗಿಳಿಯಲು ಬೇಕಾಗುವ ಕಾಲ ಹೆಚ್ಚುಕಡಿಮೆ ಈ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. 20 ಮಿಲಿಮೀಟರ್ ಇದ್ದದ್ದನ್ನು 40ಕ್ಕೆ ಏರಿಸಿದರೆ ಕಾಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಕಡಲಗಾಳಿಗೆ ತೆರೆದ ಭಾಗಗಳಿಗೆ 45ರಿಂದ 50 ಮಿಲಿಮೀಟರ್ ಕವರ್, ನೀರು ಮತ್ತು ಸಿಮೆಂಟಿನ ಅನುಪಾತ 0.45ಕ್ಕೆ ಮೀರದಂತೆ, ಸಾಧ್ಯವಾದರೆ 0.40ರ ಹತ್ತಿರ, ಇವನ್ನು ಎಂಜಿನಿಯರ್ ಜೊತೆ ಕೂತು ಬರೆಸಿಕೊಳ್ಳಿ. ಕಬ್ಬಿಣದ ಊದುಕುಲುಮೆಯ ಕಿಟ್ಟದ (ಸ್ಲ್ಯಾಗ್) ಪುಡಿಯನ್ನು ಸೇರಿಸಿದ ಸಿಮೆಂಟ್ ರಂಧ್ರಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸುವುದರಿಂದ ತೀರದ ಕೆಲಸಕ್ಕೆ ಸೂಕ್ತ. ಆದರೆ ಅದಕ್ಕೆ ಕ್ಯೂರಿಂಗ್ ಹೆಚ್ಚು ದಿನ ಬೇಕು, ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನವಾದರೆ ಇದಕ್ಕೆ 10ರಿಂದ 14 ದಿನ ಬಿಡದೆ ತೇವ ಕಾಯಬೇಕು. ಕಲಸುವ ನೀರಿನಷ್ಟೇ ಕ್ಯೂರಿಂಗಿನ ನೀರೂ ಸಿಹಿನೀರಾಗಿರಬೇಕು. ಹತ್ತಿರದ ಬಾವಿಯ ಉಪ್ಪುನೀರನ್ನು ಹಾಯಿಸುವುದೆಂದರೆ ಶತ್ರುವನ್ನು ನಾವೇ ಒಳಗೆ ಕರೆದಂತೆ. ತೊಳೆಯದ ಕಡಲ ಮರಳನ್ನು ಯಾವ ಕಾರಣಕ್ಕೂ ಬಳಸಬಾರದು.

ಕವರ್ ಎಂಬುದು ನಕ್ಷೆಯಲ್ಲಿ ಬರೆದರೆ ಬರುವಂಥದ್ದಲ್ಲ. ಸೆಂಟ್ರಿಂಗ್ ಹಲಗೆಯ ಮೇಲೆ ಸರಳುಗಳನ್ನು ಎತ್ತಿಹಿಡಿಯುವ ಕವರ್ ಬ್ಲಾಕುಗಳು ಕಾಂಕ್ರೀಟಿನಷ್ಟೇ ಗಟ್ಟಿಯಾದ ಮಿಶ್ರಣದಿಂದ ಎರಕ ಹೊಯ್ದವಾಗಿರಬೇಕು. ಕೈಗೆ ಸಿಕ್ಕ ಜಲ್ಲಿಕಲ್ಲು ಅಥವಾ ಮರದ ಚೂರನ್ನು ಸಿಕ್ಕಿಸಿದರೆ ಆ ಜಾಗವೇ ಉಪ್ಪಿಗೆ ಬಾಗಿಲಾಗುತ್ತದೆ. ಕಟ್ಟುತಂತಿಯ ಬಾಲಗಳನ್ನು ಒಳಕ್ಕೆ ಮಡಚಬೇಕು. ತಿಂಗಳುಗಟ್ಟಲೆ ಸ್ಥಳದಲ್ಲಿ ಬಿದ್ದ ಸರಳುಗಳ ಮೇಲೂ ಉಪ್ಪು ಕೂತಿರುವುದರಿಂದ, ಕಾಂಕ್ರೀಟ್ ಸುರಿಯುವ ಮೊದಲು ಸಿಹಿನೀರಿನಿಂದ ತೊಳೆದು, ಹಲಗೆಯ ಮೇಲೆ ನಿಂತ ನೀರನ್ನು ತೆಗೆಯಬೇಕು.

ಹೊರಚಾಚಿದ ಬಾಲ್ಕನಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅದರ ಭಾರ ಹೊರುವ ಸರಳುಗಳು ಮೇಲ್ಭಾಗದಲ್ಲಿರುತ್ತವೆ, ಬಿರುಕು ಮೂಡುವುದೂ ಮೇಲ್ಭಾಗದಲ್ಲೇ, ನೀರು ನಿಲ್ಲುವುದೂ ಅಲ್ಲೇ. ಮೂರೂ ಒಂದೇ ಜಾಗದಲ್ಲಿ ಸೇರುವುದರಿಂದ ಕಡಲ ಬದಿಯಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಈ ಭಾಗವೇ. ಬಾಲ್ಕನಿಯನ್ನು ಕಂಬಗಳ ಮೇಲೆ ನಿಲ್ಲಿಸಿದರೆ ಹೆಚ್ಚು ನಿಶ್ಚಿಂತೆ. ಹೊರಚಾಚಲೇಬೇಕಾದರೆ ಆ ಭಾಗಕ್ಕೆ ಮಾತ್ರ ಸ್ಟೇನ್‌ಲೆಸ್ ಸರಳುಗಳನ್ನು ಬಳಸುವ ಬಗ್ಗೆ ಎಂಜಿನಿಯರ್ ಅವರನ್ನು ಕೇಳಿ, ಮೇಲ್ಮೈಗೆ ಚೆನ್ನಾಗಿ ಇಳಿಜಾರು ಕೊಡಿ, ಅಂಚಿನ ಅಡಿಯಲ್ಲಿ ನೀರು ಗೋಡೆಯತ್ತ ಹರಿಯದೆ ತೊಟ್ಟಿಕ್ಕುವಂತೆ ಸಣ್ಣ ತೋಡು ಕೊರೆಸಿ.

ಅಡಿಪಾಯವನ್ನು ಮಣ್ಣು ಪರೀಕ್ಷೆಯೇ ನಿರ್ಧರಿಸಲಿ. ಕದಲದ ಮರಳು ಭಾರವನ್ನು ಚೆನ್ನಾಗಿಯೇ ಹೊರುತ್ತದೆ, ಆದರೆ ಹರಿಯುವ ನೀರು ಅದನ್ನು ಬುಡದಿಂದ ಕೊರೆದೊಯ್ಯಬಲ್ಲದು. ನೀರು ತಲುಪಬಹುದಾದ ಜಾಗವಾದರೆ ನೆಲದಾಳಕ್ಕೆ ಇಳಿಸಿದ ಕಂಬಗಳ, ಅಂದರೆ ಪೈಲುಗಳ ಮೇಲೆ ಮನೆಯನ್ನು ಎತ್ತಿ ನಿಲ್ಲಿಸಿ ಕೆಳಗೆ ನೀರು ಹಾದುಹೋಗಲು ಬಿಡುವುದೇ ಸರಿ.

ಹಂತ 5: ಲೋಹ, ಮರ, ಗಾಜು

ವಾತಾವರಣ ಲೋಹವನ್ನು ಎಷ್ಟು ತಿನ್ನುತ್ತದೆಂಬುದನ್ನು ಐಎಸ್‌ಒ 9223 ಮಾನದಂಡ ಸಿ1ರಿಂದ ಸಿ5ರವರೆಗೆ, ಅದಕ್ಕೂ ಮೇಲೆ ಸಿಎಕ್ಸ್ ಎಂದು ವಿಂಗಡಿಸುತ್ತದೆ. ಸಂಖ್ಯೆ ಏರಿದಷ್ಟೂ ತಿನ್ನುವಿಕೆ ಹೆಚ್ಚು. ಕಡಲತೀರಗಳೂ ಸೇರುವ ಸಿ5 ವಾತಾವರಣದಲ್ಲಿ ಸತುವಿನ ಲೇಪ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್‌ನಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸವೆಯುತ್ತದೆ. ದಪ್ಪ ಉಕ್ಕನ್ನು ಕರಗಿದ ಸತುವಿನಲ್ಲಿ ಅದ್ದಿದಾಗ ಬರುವ ಲೇಪ ಸುಮಾರು 85 ಮೈಕ್ರಾನ್. ಅಂದರೆ ಬಣ್ಣವಿಲ್ಲದ ಲೇಪದ ಆಯುಷ್ಯ ಅಲ್ಲಿ ಹತ್ತರಿಂದ ಇಪ್ಪತ್ತು ವರ್ಷ. ವಿದ್ಯುತ್ತಿನಿಂದ ತೆಳುವಾಗಿ ಹತ್ತಿಸಿದ ಸತುವಿನ ಲೇಪ ಹತ್ತು ಮೈಕ್ರಾನಿನ ಆಸುಪಾಸಿನದ್ದು, ಅದು ಎಷ್ಟು ದಿನ ಬರುತ್ತದೆಂದು ಇದೇ ಲೆಕ್ಕದಿಂದ ತಿಳಿಯಬಹುದು. ಹೊರನೋಟದಿಂದ ದಪ್ಪ ತಿಳಿಯುವುದಿಲ್ಲವಾದ್ದರಿಂದ ಖರೀದಿಯ ಪಟ್ಟಿಯಲ್ಲಿ ಲೇಪದ ದಪ್ಪವನ್ನು ಬರೆಯದೆ ಬಿಡಬೇಡಿ. ಉಕ್ಕನ್ನು ಕತ್ತರಿಸುವುದು, ತೂತು ಕೊರೆಯುವುದು, ಬೆಸೆಯುವುದು ಎಲ್ಲವೂ ಸತುವಿನಲ್ಲಿ ಅದ್ದುವ ಮೊದಲೇ ಮುಗಿದಿರಬೇಕು.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ 316 ದರ್ಜೆಗೆ ಸೇರಿಸುವ ಶೇ. 2ರಷ್ಟು ಮಾಲಿಬ್ಡಿನಮ್ ಕ್ಲೋರೈಡನ್ನು ಎದುರಿಸಲು ನೆರವಾಗುತ್ತದೆ. ಹೊರಗಿನ ಎಲ್ಲ ಕೀಲು, ಚಿಲಕ, ಸ್ಕ್ರೂ, ಕೈಪಿಡಿಗಳಿಗೆ ಅದಕ್ಕಿಂತ ಕೆಳಗಿಳಿಯಬಾರದು. ಗೆರೆಗೆರೆಯಾದ ಉಜ್ಜಿದ ಮೈಗಿಂತ ಕನ್ನಡಿಯಂತೆ ನುಣುಪಾದ ಮೈಯಲ್ಲಿ ಉಪ್ಪು ಕಡಿಮೆ ನಿಲ್ಲುತ್ತದೆ. ಅದಕ್ಕೂ ತೊಳೆಯುವುದು ತಪ್ಪಿದ್ದಲ್ಲ. ಭಿನ್ನ ಲೋಹಗಳು ಉಪ್ಪುನೀರಿನ ಸಾಕ್ಷಿಯಲ್ಲಿ ಒಂದನ್ನೊಂದು ಮುಟ್ಟಿದರೆ ದುರ್ಬಲವಾದದ್ದು ಕರಗುತ್ತದೆ. ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕುವಾಗ ನಡುವೆ ನೈಲಾನ್ ವಾಷರ್ ಇರಲಿ, ತಾಮ್ರದ ಮೇಲೆ ಹರಿದ ನೀರು ಸೂರಿನ ಅಲ್ಯೂಮಿನಿಯಂ ಮಳೆದೋಣಿಗೆ ಬೀಳದಿರಲಿ.

ಮರವನ್ನು ನಾನು ಕಡಲ ಬದಿಗೆ ಬಹಳ ಇಷ್ಟಪಡುತ್ತೇನೆ. ಉಪ್ಪು ಅದನ್ನು ಲೋಹದಂತೆ ತಿನ್ನುವುದಿಲ್ಲ, ತೇಗದಂಥ ಎಣ್ಣೆಯಂಶದ ಮರ ಬಣ್ಣವಿಲ್ಲದೆಯೇ ಬೆಳ್ಳಿಯ ಬೂದುಬಣ್ಣಕ್ಕೆ ತಿರುಗಿ ದೀರ್ಘಕಾಲ ಬಾಳುತ್ತದೆ. ಆದರೆ ಅದಕ್ಕೆ ಸಾದಾ ಮೊಳೆ ಹೊಡೆದರೆ ಮರದ ಒಗರು ಕಬ್ಬಿಣದೊಡನೆ ಸೇರಿ ಪ್ರತಿ ಮೊಳೆಯಿಂದಲೂ ಕಪ್ಪು ಕಣ್ಣೀರಿನಂತೆ ಕಲೆ ಇಳಿಯುತ್ತದೆ. ಹಲಗೆಗಳ ಹಿಂದೆ ಗಾಳಿಯಾಡಲು ಸಂದು ಬಿಟ್ಟು, ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಬಿಚ್ಚುವಂತೆ ಸ್ಕ್ರೂಗಳಿಂದ ಕೂರಿಸಿ.

ಗಾಜಿನ ಮೇಲೆ ಬೆಳಿಗ್ಗೆ ಬೆರಳಾಡಿಸಿದರೆ ಮಂಜಿನಂಥ ಬಿಳಿಯ ಪೊರೆ ಅಂಟುತ್ತದೆ. ಹಾಗಾಗಿ ಮಹಡಿಯ ತೆರೆಯಲಾಗದ ದೊಡ್ಡ ಗಾಜಿನ ಮುಂದೆ ಮನುಷ್ಯ ನಿಲ್ಲುವಷ್ಟು ಜಾಗ ಇರಬೇಕು, ಇಲ್ಲವೇ ಒಳಗಿನಿಂದ ತಿರುಗಿಸಿ ತೊಳೆಯುವ ಕಿಟಕಿ ಇರಬೇಕು. ಜಾರುಬಾಗಿಲಿನ ಗಾಲಿಗಳು ಕೆಳಗಿದ್ದರೆ ಮರಳು ಅವನ್ನು ಅರೆಯುತ್ತದೆ, ಮೇಲಿನಿಂದ ತೂಗುವ ಬಾಗಿಲುಗಳನ್ನು ಆರಿಸಿಕೊಳ್ಳಿ. ಬಿರುಗಾಳಿಯಲ್ಲಿ ಹಾರಿಬರುವ ವಸ್ತು ಬಡಿದು ಒಡೆದರೂ ಚೂರುಗಳನ್ನು ಹಿಡಿದಿಡುವ ಲ್ಯಾಮಿನೇಟೆಡ್ ಗಾಜು ಕಡಲಿನ ಮುಖಕ್ಕೆ ಅಗತ್ಯ.

ಹಂತ 6: ಮಾಡು ಮತ್ತು ಬಿರುಗಾಳಿ

ಬಿರುಗಾಳಿ ಮಾಡನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ, ಆ ಸೆಳೆತ ಮೂಲೆಗಳಲ್ಲೂ ಅಂಚುಗಳಲ್ಲೂ ತೀವ್ರ. ನಾಲ್ಕೂ ಕಡೆ ಇಳಿಜಾರಿರುವ ಮಾಡು, ತ್ರಿಕೋನದ ಬಯಲುಗೋಡೆಯಿರುವ ಮಾಡಿಗಿಂತ ಗಾಳಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಪಕ್ಕಾಸಿನಿಂದ ಗೋಡೆಯ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ ಲೋಹದ ಪಟ್ಟಿ ಮತ್ತು ಬೋಲ್ಟುಗಳ ಮೂಲಕ ಎಲ್ಲೂ ತುಂಡಾಗದ ಹಿಡಿತ ಇರಬೇಕು. ನಡುವೆ ಒಂದು ಕೊಂಡಿ ಸಡಿಲವಾದರೂ ಉಳಿದವು ವ್ಯರ್ಥ. ಜಗಲಿಯ ಮಾಡನ್ನು ಮನೆಯ ಮಾಡಿನಿಂದ ಬೇರೆಯಾಗಿ ಕಟ್ಟಿದರೆ, ಜಗಲಿಯದು ಕಿತ್ತುಹೋದ ದಿನ ಮನೆಯದು ಉಳಿಯುತ್ತದೆ. ತೀರದಲ್ಲಿ ಮಳೆ ಅಡ್ಡಡ್ಡಲಾಗಿ ಬೀಳುತ್ತದೆಂಬುದನ್ನು ನೆನಪಿಟ್ಟು ಕಿಟಕಿಗಳ ಕೆಳಪಟ್ಟಿಗೆ ಹೊರ ಇಳಿಜಾರನ್ನೂ ಒಳಗಡೆ ಸಣ್ಣ ಏರುದಡವನ್ನೂ ಕೊಡಿ.

ಹಂತ 7: ನೀರು ಮತ್ತು ವಿದ್ಯುತ್

ತೀರದ ನೆಲದಡಿಯ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿನೀರಿದ್ದರೆ ಅದರ ಕೆಳಗೆ ಸುಮಾರು 40 ಮೀಟರಿನಷ್ಟು ಸಿಹಿನೀರಿದೆ ಎಂಬುದು ಗೈಬೆನ್ ಮತ್ತು ಹರ್ಜ್‌ಬರ್ಗ್ ಅವರ ಹೆಸರಿನ ಸೂತ್ರದ ಲೆಕ್ಕ. ಇದರ ಇನ್ನೊಂದು ಮುಖ ಕಠಿಣವಾದದ್ದು: ಬಾವಿಯಲ್ಲಿ ಮಟ್ಟವನ್ನು ಒಂದು ಮೀಟರ್ ಇಳಿಸಿದರೆ ಕೆಳಗಿನಿಂದ ಉಪ್ಪುನೀರು ಕಾಲಕ್ರಮದಲ್ಲಿ ನಲವತ್ತು ಮೀಟರ್ ಏರಬಲ್ಲದು. ಮಾಡಿನ ಮಳೆನೀರನ್ನು ಶೇಖರಿಸಿ ತೊಳೆಯಲು, ಗಿಡಗಳಿಗೆ ಬಳಸುವುದನ್ನು ನಕ್ಷೆಯಲ್ಲೇ ಸೇರಿಸಿ. ಮಲಿನ ನೀರಿನ ಗುಂಡಿಯನ್ನು ಅಂತರ್ಜಲದ ಅತಿಹೆಚ್ಚಿನ ಮಟ್ಟ ನೋಡಿಕೊಂಡು ಇಡಬೇಕು.

ಹೊರಗಿನ ಸ್ವಿಚ್ಚು, ದೀಪಗಳು ಧೂಳನ್ನೂ ಚಿಮ್ಮುವ ನೀರನ್ನೂ ತಡೆಯುವ ಕನಿಷ್ಠ ಐಪಿ 65 ರಕ್ಷಣೆಯವು, ಸೌರಫಲಕಗಳು ಐಇಸಿ 61701 ಉಪ್ಪುಮಂಜಿನ ಪರೀಕ್ಷೆಯಲ್ಲಿ ತೇರ್ಗಡೆಯಾದವು ಆಗಿರಲಿ. ಎಸಿ ಯಂತ್ರದ ಹೊರಘಟಕವನ್ನು ಕಡಲಗಾಳಿ ನೇರವಾಗಿ ಬಡಿಯದ ಪಕ್ಕದಲ್ಲಿ, ಆದರೆ ಏಣಿಯಿಲ್ಲದೆ ಪೈಪಿನಿಂದ ತೊಳೆಯಬಹುದಾದ ಎತ್ತರದಲ್ಲಿ ಇಡಿ.

ಹಂತ 8: ಕಾಮಗಾರಿಯ ಕಾವಲು, ಆಮೇಲಿನ ನಿರ್ವಹಣೆ

ಮೂರು ದಿನಗಳಂದು ನೀವೋ ನಿಮ್ಮ ವಾಸ್ತುಶಿಲ್ಪಿಯೋ ಸ್ಥಳದಲ್ಲಿ ಇರಲೇಬೇಕು: ಕಾಂಕ್ರೀಟ್ ಸುರಿಯುವ ದಿನದ ಬೆಳಿಗ್ಗೆ ಕವರ್ ಅಳೆಯಲು, ಮಾಡಿನ ಪಟ್ಟಿ ಬೋಲ್ಟುಗಳನ್ನು ಹಲಗೆಯಿಂದ ಮುಚ್ಚುವ ಮೊದಲು, ಸ್ನಾನಗೃಹ ಮತ್ತು ಬಾಲ್ಕನಿಯ ಜಲನಿರೋಧಕ ಪದರದ ಮೇಲೆ ನೀರು ನಿಲ್ಲಿಸಿ ಪರೀಕ್ಷಿಸುವಾಗ. ಮುಚ್ಚಿಹೋಗುವ ಎಲ್ಲದರ ಚಿತ್ರಗಳನ್ನು ಅಳತೆಪಟ್ಟಿಯ ಸಮೇತ ತೆಗೆದಿಡಿ.

ಮನೆ ಹಸ್ತಾಂತರವಾಗುವಾಗ ಬೀಗದ ಕೈಗಳ ಜೊತೆ ಒಂದು ಕಡತವನ್ನೂ ಕೇಳಿ ಪಡೆಯಿರಿ. ಬಣ್ಣದ ಸಂಖ್ಯೆ, ಸ್ಕ್ರೂಗಳ ದರ್ಜೆ ಮತ್ತು ಅಳತೆ, ಜಾರುಬಾಗಿಲಿನ ಗಾಲಿಯ ಮಾದರಿ, ನೀರಿನ ಕೊಳವೆಗಳ ನಕ್ಷೆ ಅದರಲ್ಲಿರಲಿ. ತೊಳೆಯುವ ಕ್ರಮವನ್ನು ಮನೆಯವರೇ ಹಂಚಿಕೊಳ್ಳಬಹುದು. ಸೂರಿನಡಿಯ ದೀಪಗಳು, ಕೈಪಿಡಿಗಳು, ಕೀಲುಗಳು, ಬಾಗಿಲಿನ ಹಳಿಗಳನ್ನು ಎರಡು ವಾರಕ್ಕೊಮ್ಮೆ ಸಿಹಿನೀರಿನಿಂದ ತೊಳೆದು, ಹಳಿಯ ನೀರುತೂತುಗಳಲ್ಲಿ ಸಿಕ್ಕಿದ ಮರಳನ್ನು ತೆಗೆಯಬೇಕು. ತಿಂಗಳಿಗೊಮ್ಮೆ ಎಸಿ ಘಟಕ, ಗಾಜು, ಸೌರಫಲಕಗಳು. ವರ್ಷಕ್ಕೊಮ್ಮೆ, ಬಿರುಗಾಳಿಯ ಕಾಲ ಮೊದಲಾಗುವ ಮುನ್ನ, ಮಾಡಿನ ಬೋಲ್ಟುಗಳು, ಪಟ್ಟಿಬಾಗಿಲುಗಳ ಚಿಲಕಗಳು, ಬಾಲ್ಕನಿಯ ಅಡಿಭಾಗ. ಕೂದಲೆಳೆಯ ಬಿರುಕು ಅಥವಾ ಕಂದು ಚುಕ್ಕೆ ಕಂಡರೆ ಅದರ ಪಕ್ಕ ಪೆನ್ಸಿಲಿನಲ್ಲಿ ದಿನಾಂಕ ಬರೆದು, ಎರಡು ತುದಿಗಳನ್ನೂ ಗುರುತು ಮಾಡಿ. ಮುಂದಿನ ವರ್ಷ ಅದು ಆ ಗುರುತನ್ನು ದಾಟಿದ್ದರೆ ಬಣ್ಣದವರನ್ನಲ್ಲ, ಎಂಜಿನಿಯರ್ ಅವರನ್ನು ಕರೆಯಿರಿ.